ಗಬ್ಬದ ಆಡಿಗೆ ಮರಿ ಹಾಕುವ ಕೋಣೆ: ದಬ್ಬೆ ಅಟ್ಟದ ಮೇಲೋ, ನೆಲದಲ್ಲೋ?

ಹುಲೇಕಲ್ ತೋಟ
ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕು. ಶೆಡ್ 30 × 16 ಅಡಿ, ಹಂಚಿನ ಮಾಡು, ನೆಲದಿಂದ 4 ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ಅಟ್ಟ. ಹೆಣ್ಣಾಡು 20, ಮಲಬಾರಿ ಮತ್ತು ಊರ ತಳಿ ಬೆರೆತವು. ಹೋತ ಬಿಟ್ಟಿದ್ದು ಜೂನ್ 15ಕ್ಕೆ, ಮೂರು ವಾರಕ್ಕೆ ತೆಗೆದಾಗಿದೆ. 150 ದಿನದ ಲೆಕ್ಕದಲ್ಲಿ ನವೆಂಬರ್ 12ರಿಂದ ಡಿಸೆಂಬರ್ ಮೊದಲ ವಾರದವರೆಗೆ ಮರಿ ಬೀಳಬೇಕು.
ಕೇಳಬೇಕಾದ್ದು ಇಷ್ಟು. ಮರಿ ಹಾಕುವ ಕೋಣೆ ಅಟ್ಟದ ಮೇಲೇ ಮಾಡಬಹುದೇ, ಕೆಳಗೆ ಬೇರೆ ಮಾಡಬೇಕೇ? ಎಷ್ಟು ಕೋಣೆ ಬೇಕು? ಹಾಸಲು ಬೆಟ್ಟದ ದರಕು (ಒಣಗಿ ಉದುರಿದ ಎಲೆ) ಸಾಕಾ?

ಯಡಳ್ಳಿ ಕೊಟ್ಟಿಗೆ
ನೆಲದಲ್ಲೇ ಮಾಡಿ. ಅಟ್ಟ ದೊಡ್ಡ ಆಡಿಗೆ ಒಳ್ಳೆಯದು, ಆಗಷ್ಟೇ ಬಿದ್ದ ಮರಿಗೆ ಅಲ್ಲ.
ಹಿಕ್ಕೆ ಉದುರಲಿ ಅಂತ ದಬ್ಬೆಗಳ ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ಸಂದು ಬಿಟ್ಟಿರುತ್ತೇವೆ. ಮರಿಯ ಗೊರಸು ಆ ಸಂದಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ತಾಯಿ ತಿರುಗಿದರೆ ಕಾಲು ಮುರಿಯಿತು. ದಬ್ಬೆಯ ಮೈ ಮೊದಲೇ ನುಣುಪು, ನೀರುಚೀಲ ಒಡೆದ ಮೇಲೆ ಅದರ ಮೇಲೆ ತಾಯಿಗೂ ಕಾಲು ನಿಲ್ಲುವುದಿಲ್ಲ. ಇವೆರಡಕ್ಕಿಂತ ಕೆಟ್ಟದ್ದು ಅಡಿಯಿಂದ ಬರುವ ಗಾಳಿ. ನವೆಂಬರ್ ಕೊನೆಯ ರಾತ್ರಿ ಒದ್ದೆ ಮೈಯ ಮರಿಗೆ ಹೊಟ್ಟೆಯ ಕೆಳಗಿಂದ ಚಳಿ ಹೊಡೆದರೆ ಅದು ಎದ್ದು ಮೊಲೆ ಹಿಡಿಯುವುದೇ ಇಲ್ಲ.
ಹಾಗಂತ ಅಟ್ಟದ ಮೇಲೆ ಹುಲ್ಲು ಹಾಸಿದರೆ ಸಂದು ಮುಚ್ಚಿ ಹೋಗುತ್ತದೆ, ಉಚ್ಚೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಅಟ್ಟ ಕಟ್ಟಿದ್ದಾದರೂ ಯಾಕೆ?
ಇನ್ನೊಂದು, ಏರುವ ದಾರಿ. ನಾಲ್ಕು ಅಡಿಗೆ ಏಣಿಯಂಥ ಇಳಿಜಾರು ಕೊಟ್ಟಿದ್ದರೆ ಕೊನೆಯ ಒಂದೂವರೆ ತಿಂಗಳು ತುಂಬು ಗಬ್ಬದ ಆಡನ್ನು ಹತ್ತಿಸಬೇಡಿ. ಹತ್ತಿಸಲೇಬೇಕೆಂದರೆ 4 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಹಲಗೆ, ಅದರ ಮೇಲೆ 8 ಇಂಚಿಗೊಂದರಂತೆ ಅಡ್ಡಪಟ್ಟಿ. ಅಗಲ 3 ಅಡಿ, ಎರಡೂ ಬದಿ ಕಟಾಂಜನ. ಇಕ್ಕಟ್ಟಾದ ಬಾಗಿಲಲ್ಲಿ ಎರಡು ಆಡು ಒಟ್ಟಿಗೆ ನುಗ್ಗಿ ಹೊಟ್ಟೆ ಒತ್ತಿದರೂ ಗಬ್ಬ ಹೋಗುತ್ತದೆ, ಕೋಡಿನ ಹೊಡೆತವೇ ಬೇಕೆಂದಿಲ್ಲ.

ಅಘನಾಶಿನಿ ದಂಡೆ
ಘಟ್ಟದ ಮೇಲೆ ಸರಿ. ಕೆಳಗೆ ಕುಮಟಾ, ಹೊನ್ನಾವರ ಕಡೆ "ನೆಲದಲ್ಲೇ ಮಾಡಿ" ಅಂತ ಕಣ್ಣುಮುಚ್ಚಿ ಹೇಳಲಿಕ್ಕೆ ಆಗುವುದಿಲ್ಲ. ಜೂನ್, ಜುಲೈಯಲ್ಲಿ ಇಲ್ಲಿ ನೆಲದಿಂದಲೇ ನೀರು ಜಿನುಗುತ್ತದೆ. ಎಷ್ಟು ಹುಲ್ಲು ಹಾಕಿದರೂ ಸಂಜೆಗೆ ಒದ್ದೆ. ಮಳೆಗಾಲದಲ್ಲಿ ಮರಿ ಹಾಕುವುದಿದ್ದರೆ ಅಟ್ಟದ ಮೂಲೆಯಲ್ಲೇ ಹಳೆಯ ರಬ್ಬರ್ ಮ್ಯಾಟ್ ಹಾಕಿ, ಅದರ ಮೇಲೆ ಹುಲ್ಲು ಹಾಸಿ, ಅಡಿಗೆ ಮೂರು ಕಡೆ ತಟ್ಟಿ ಕಟ್ಟುವುದೇ ಮೇಲು.

ಯಡಳ್ಳಿ ಕೊಟ್ಟಿಗೆ
ಒಪ್ಪುತ್ತೇನೆ, ಆದರೆ ಅರ್ಧ. ನೆಲ ಎಂದರೆ ಅಂಗಳದ ಮಟ್ಟದ ನೆಲ ಅಲ್ಲ ಮಾರಾಯ್ರೇ. ಹೊರಗಿನ ಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಎತ್ತರಿಸಿದ ಜಗಲಿ. ಸುತ್ತ ಚಿರೆಕಲ್ಲು, ಒಳಗೆ ಅರ್ಧ ಅಡಿ ದಪ್ಪ ಜಲ್ಲಿ, ಅದರ ಮೇಲೆ ಕೆಂಪು ಮುರ್ರಂ ಹಾಕಿ ನೀರು ಚಿಮುಕಿಸಿ ದಿಮ್ಮಿಸಬೇಕು. ಜಲ್ಲಿ ಇದ್ದರೆ ಕೆಳಗಿನ ತೇವ ಮೇಲೇರುವುದಿಲ್ಲ. ಜಲ್ಲಿ ಬಿಟ್ಟು ಮಣ್ಣು ಮಾತ್ರ ತುಂಬಿದ ಕಡೆ ನೀವು ಹೇಳಿದ ತೊಂದರೆ ಬಂದೇ ಬರುತ್ತದೆ. ಇಳಿಜಾರು 40 ಅಡಿಗೆ 1 ಅಡಿಯ ಲೆಕ್ಕ. 5 ಅಡಿ ಕೋಣೆಗೆ ಒಂದೂವರೆ ಇಂಚು ಸಾಕು, ಚರಂಡಿ ಕೋಣೆಯ ಹೊರಗೆ.
ಸಿಮೆಂಟ್ ನೆಲವಿದ್ದರೆ ತೊಳೆಯಲು ಸುಲಭ, ಆದರೆ ತಣ್ಣಗಿರುತ್ತದೆ, ಹಾಸು ದಪ್ಪ ಬೇಕು. ಹೊಸದಾಗಿ ಹಾಕಿಸುವುದಿದ್ದರೆ ಕಸಬರಿಗೆಯಲ್ಲಿ ಗೆರೆ ಎಳೆಸಿ, ನುಣ್ಣಗೆ ಮಾಡಿಸಬೇಡಿ.

ಹಳಿಯಾಳ ಮೇಕೆಮನಿ
ಕೋಣೆ ಎಷ್ಟು ಬೇಕು ಅನ್ನೋದಕ್ಕ ಲೆಕ್ಕ ಐತ್ರಿ. ಹೋತ ಬಿಟ್ಟಿದ್ದು 21 ದಿನ, 20 ಆಡು. ಒಂದು ಆಡು ಒಂದು ಕೋಣೆಯೊಳಗ ಎಷ್ಟು ದಿನ ಇರತೈತಿ ನೋಡ್ರಿ: ಮುಂಚೆ 3 ದಿನ, ಮರಿ ಹಾಕಿದ ಮ್ಯಾಲೆ 3 ದಿನ, ಒಟ್ಟು 6. ಇಪ್ಪತ್ತಕ್ಕ ಆರು ಗುಣಿಸಿದರ 120, ಅದನ್ನ 21ರಿಂದ ಭಾಗಿಸಿದರ ಆರು ಕೋಣೆ ಹತ್ರ ಬರತೈತಿ. ಅಷ್ಟು ಜಾಗ ಇಲ್ಲಂದ್ರ ನೋವು ಶುರುವಾದ ಮ್ಯಾಲಷ್ಟೇ ಒಳಗ ಹಾಕ್ರಿ, ಆಗ ಮೂರ್ನಾಕು ಸಾಕು. ಆದ್ರ ರಾತ್ರಿ ಎದ್ದು ನೋಡೋ ಮಂದಿ ಇರಬೇಕು. ವರ್ಷಪೂರ್ತಿ ಹೋತ ಕೂಡೇ ಇರೋ ಹಿಂಡಿಗೆ ಹತ್ತಕ್ಕೊಂದು ಕೋಣೆ ನಡೀತೈತಿ.
ಅಳತಿ 5 × 5 ಅಡಿ. 4 × 5 ಸಣ್ಣ ಆಡಿಗೆ ಆಗತೈತಿ, ಅವಳಿ ಬಂದರ ಇಕ್ಕಟ್ಟು. ಅದಕ್ಕಿಂತ ದೊಡ್ಡದೂ ಬ್ಯಾಡ. ಮರಿ ಮೂಲ್ಯಾಗ ಹೋಗಿ ಬಿದ್ದು, ತಾಯಿ ಇನ್ನೊಂದನ್ನ ನೆಕ್ಕಕೋತ ನಿಂತುಬಿಡತೈತಿ.
ನಡುವಿನ ಗೋಡೆ ಕೆಳಗಿನ 2 ಅಡಿ ಗಟ್ಟಿ ಹಲಗಿ, ಮ್ಯಾಲೆ ಗಳ ಅಥವಾ ಜಾಳಿಗಿ. ಕೆಳಗ ಸಂದು ಬಿಟ್ಟರ ಮರಿ ಪಕ್ಕದ ಕೋಣೆಗೆ ನುಸುಳತೈತಿ, ಅಲ್ಲಿನ ಆಡು ಗುಮ್ಮತೈತಿ. ಮ್ಯಾಲೂ ಮುಚ್ಚಿದ್ರ ಒಳಗಿನ ಆಡಿಗೆ ಹಿಂಡು ಕಾಣೂದಿಲ್ಲ, ಒಂದೇ ಸವನ ಒದರತೈತಿ, ಮೇವು ಬಿಡತೈತಿ. ಬಾಗಿಲು ಹೊರಗ ತೆರೀಬೇಕು. ಒಳಗ ತೆರೆಯೋ ಬಾಗಿಲ ಹಿಂದ ಮರಿ ಮಲಗಿದ್ದರ ಮುಗೀತು.

ಮುಂಡಗೋಡ ಪಶು
ದರಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಉತ್ತರ: ಬೇಡ. ಈ ಕಾಲದಲ್ಲಂತೂ ಬೇಡವೇ ಬೇಡ.
ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಈಗ ನಮ್ಮ ಸಿದ್ದಾಪುರ ತಾಲೂಕಿನಲ್ಲೂ ಕಾಣಿಸುತ್ತಿದೆ. ಅದನ್ನು ಹರಡುವ ಉಣುಗಿನ (ಉಣ್ಣೆಹುಳದ) ಮರಿಗಳು ಕಾಡಿನ ಒಣ ಎಲೆಯಲ್ಲೇ ಇರುತ್ತವೆ, ಮಳೆ ನಿಂತ ಮೇಲೆ ನವೆಂಬರ್‌ನಿಂದ ಮೇವರೆಗೆ ಅವುಗಳ ಕಾಲ. ಕಾಡಿನಿಂದ ದರಕು ತಂದು ಕೊಟ್ಟಿಗೆಗೆ ಹಾಕಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಇದಕ್ಕೇ. ಗುಡಿಸಿ ತರುವವರಿಗೂ ಅಪಾಯ, ಕೊಟ್ಟಿಗೆಯಲ್ಲಿ ಕೂತು ಮರಿ ಹಿಡಿಯುವವರಿಗೂ ಅಪಾಯ. ಮಂಗ ಸತ್ತದ್ದು ಕಂಡ ಬೆಟ್ಟದ ಕಡೆಗೆ ಹೋಗುವುದೇ ಬೇಡ, ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿ.
ಮರಿಗಳ ಮಟ್ಟಿಗೂ ಉಣುಗು ಸಣ್ಣ ವಿಷಯವಲ್ಲ, ರಕ್ತ ಹೀರಿಯೇ ಸೊರಗಿಸುತ್ತವೆ.

ಹುಲೇಕಲ್ ತೋಟ
ಹಾಗಾದರೆ ಅಡಿಕೆ ಸಿಪ್ಪೆ? ಬೋರ್ಡೋ ದ್ರಾವಣ ಹೊಡೆದ ತೋಟದ್ದು, ಮೈಲುತುತ್ತದ ಅಂಶ ಇರುತ್ತದಲ್ಲ?

ಯಡಳ್ಳಿ ಕೊಟ್ಟಿಗೆ
ಯಾವ ಸಿಪ್ಪೆ ಎನ್ನುವುದು ಮುಖ್ಯ. ನವೆಂಬರ್‌ನಲ್ಲಿ ಸಿಗುವುದು ಹಸಿ ಅಡಿಕೆ ಸುಲಿದ ಸಿಪ್ಪೆ. ಅದರಲ್ಲಿ ನೀರೇ ತುಂಬಿರುತ್ತದೆ, ಎರಡು ದಿನದಲ್ಲಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಸುಲಿದ ಒಣ ಸಿಪ್ಪೆ ಸಿಗುವುದು ಅದಾಗಿ ಎಷ್ಟೋ ದಿನದ ಮೇಲೆ. ಹೋದ ವರ್ಷದ್ದನ್ನು ಮಾಡಿನ ಕೆಳಗೆ ಕಟ್ಟಿಟ್ಟಿದ್ದರೆ ಅಡಿಹಾಸಾಗಿ ಹಾಕಿ, 3 ಇಂಚು. ಮೇಲೆ ಭತ್ತದ ಹುಲ್ಲೇ ಇರಲಿ. ಸಿಪ್ಪೆಯ ನಾರು ಒರಟು, ಕೆಚ್ಚಲಿಗೆ ತರಚುತ್ತದೆ.

ಮುಂಡಗೋಡ ಪಶು
ಮೈಲುತುತ್ತದಲ್ಲಿರುವ ತಾಮ್ರಕ್ಕೆ ಕುರಿ ಬೇಗ ಬಲಿಯಾಗುತ್ತದೆ, ಆಡು ಅಷ್ಟಿಲ್ಲ. ಸಿಪ್ಪೆ ಹಾಸಿದ್ದರಿಂದ ಆಗುವುದಕ್ಕಿಂತ ಬೋರ್ಡೋ ಹೊಡೆದ ಕೂಡಲೇ ತೋಟದ ಅಡಿಯ ಹುಲ್ಲು ಕೊಯ್ದು ಹಾಕುವುದರಿಂದ ಆಗುವ ತೊಂದರೆ ಹೆಚ್ಚು. ಬೋರ್ಡೋ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಹುಲ್ಲಿನ ಮೇಲೇ. ಕುರಿಯೂ ಒಟ್ಟಿಗಿದ್ದರೆ ಸಿಪ್ಪೆಯನ್ನೂ ಬಿಟ್ಟುಬಿಡಿ.
ಭತ್ತದ ಹುಲ್ಲಿನ ಬಗ್ಗೆ ಒಂದು ಮಾತು. ಹಾಸಿದ ಹುಲ್ಲನ್ನು ಆಡು ತಿಂದೇ ತಿನ್ನುತ್ತದೆ. ಹಾಗಾಗಿ ಬಣವೆಯ ಬುಡದ ಕಪ್ಪಾದ, ಬೂಷ್ಟು ಹಿಡಿದ ಹುಲ್ಲು "ಹಾಸಲಿಕ್ಕೆ ತಾನೇ" ಎಂದು ಕೊಟ್ಟರೆ ಅದು ಹೊಟ್ಟೆಗೆ ಹೋಯಿತೆಂದೇ ಲೆಕ್ಕ. ಗಬ್ಬ ಹೋಗಲು ಅದೂ ಒಂದು ಕಾರಣ.
ಮರದ ಪುಡಿ ಮೇಲುಹಾಸಾಗಿ ಬೇಡ. ಒದ್ದೆ ಮರಿಯ ಮೂತಿಗೆ, ಬಾಯಿಗೆ, ಹೊಕ್ಕುಳಿಗೆ ಮೆತ್ತಿಕೊಳ್ಳುತ್ತದೆ. ತೆಂಗಿನ ನಾರಿನ ಪುಡಿಯೂ ಹಾಗೇ. ಅಡಿಯಲ್ಲಿ ಒಂದಿಂಚು ಹಾಕಿ ಮೇಲೆ 4 ಇಂಚು ಹುಲ್ಲು ಮುಚ್ಚಿದರೆ ಸರಿ. 5 × 5 ಕೋಣೆಗೆ ಮೊದಲ ಸಲ ಸುಮಾರು 8 ಕಿಲೋ ಹುಲ್ಲು ಬೇಕಾಗುತ್ತದೆ, ಆಮೇಲೆ ದಿನಕ್ಕೆ ಕಿಲೋ, ಒಂದೂವರೆ ಕಿಲೋ. ಮೊಣಕಾಲೂರಿ ಒಂದು ನಿಮಿಷ ಕೂತು ಏಳಿ. ಪಂಚೆ ಒದ್ದೆಯಾದರೆ ಹಾಸು ಸಾಲದು. ಅದೇ ಎತ್ತರದಲ್ಲಿ ಮೂಗು ಉರಿದರೆ ಗಾಳಿ ಸಾಲದು. ನಿಂತು ಮೂಸಿದರೆ ಗೊತ್ತಾಗುವುದಿಲ್ಲ, ಉಚ್ಚೆಯ ಘಾಟು ಮರಿಯ ಮೂಗಿನ ಮಟ್ಟದಲ್ಲೇ ಹೆಚ್ಚು.

ಕಾರವಾರ ಕಡಲಬದಿ
ಕರಾವಳಿಯವರಿಗೆ ಎರಡು ಮಾತು ಸೇರಿಸುತ್ತೇನೆ. ಕಡಲ ಮರಳನ್ನು ಕೋಣೆಗೆ ಹಾಸುವುದು ಬೇಡ. ಉಪ್ಪು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ, ಬಿಸಿಲಿದ್ದ ದಿನವೂ ಅದು ಒಣಗುವುದಿಲ್ಲ. ಎರಡನೆಯದು ತಗಡು. ಉಪ್ಪುಗಾಳಿಗೆ ಸಾಧಾರಣ ತಗಡು ಮೊಳೆಯ ಸುತ್ತಲಿಂದ ಬೇಗ ತೂತಾಗುತ್ತದೆ. ಆ ತೂತಿನಿಂದ ಹನಿ ಬೀಳುವುದು ಸರಿಯಾಗಿ ಹಾಸಿನ ಮೇಲೆ. ಹಂಚು ಇದ್ದರೆ ಅದನ್ನೇ ಉಳಿಸಿಕೊಳ್ಳಿ, ಸಂದಿನಿಂದ ಬಿಸಿಗಾಳಿಯೂ ಹೊರಹೋಗುತ್ತದೆ.
ಮಳೆಗಾಲದ ಎರಚಲು ಪಡುವಣ, ನೈಋತ್ಯ ಕಡೆಯಿಂದ. ಆ ಬದಿಗೆ ಮಡಲು ಹೆಣೆದ ತಟ್ಟಿ ಕಟ್ಟಿ, ಮೇಲೆ ಒಂದಡಿ ತೆರೆದೇ ಇರಲಿ. ನಾಲ್ಕೂ ಕಡೆ ತಾಡಪತ್ರಿ ಬಿಗಿದು ಬೆಚ್ಚಗೆ ಮಾಡಿದೆವು ಅಂದುಕೊಂಡರೆ ಒಳಗೆ ಬೆವರು ಹನಿಯುತ್ತದೆ, ಮರಿಗೆ ಕೆಮ್ಮು. ಒಣಗಿದ್ದರೆ ಸ್ವಲ್ಪ ಚಳಿಯನ್ನು ಮರಿ ತಡೆಯುತ್ತದೆ, ಒದ್ದೆಯನ್ನು ತಡೆಯುವುದಿಲ್ಲ. ಮಾಡಿನ ಸೂರು ಗೋಡೆಯಿಂದ 3 ಅಡಿ ಹೊರಗೆ ಬರಲಿ.
ನಿಜ ಹೇಳಬೇಕೆಂದರೆ ಕರಾವಳಿಯಲ್ಲಿ ಜನವರಿ, ಫೆಬ್ರವರಿಯಲ್ಲಿ ಹೋತ ಬಿಡಲೇಬಾರದು, ಮರಿ ಬೀಳುವುದು ನೇರ ಆಷಾಢದ ಮಳೆಗೆ.

ಹುಲೇಕಲ್ ತೋಟ
ತೊಳೆದು ಸುಣ್ಣ ಬಳಿಯುವುದು ಯಾವಾಗ? ಫಿನಾಯಿಲ್, ಬ್ಲೀಚಿಂಗ್ ಎರಡೂ ಹಾಕುವ ಯೋಚನೆ ಇದೆ.

ಮುಂಡಗೋಡ ಪಶು
ಎರಡನ್ನೂ ಬೆರೆಸಬೇಡಿ. ಉಚ್ಚೆ ನೆನೆದ ನೆಲಕ್ಕೆ ಬ್ಲೀಚಿಂಗ್ ಪುಡಿಯನ್ನೂ ಹಾಕಬೇಡಿ, ಘಾಟು ಎದ್ದು ಕಣ್ಣು, ಶ್ವಾಸ ಸುಡುತ್ತದೆ. ಹಿಕ್ಕೆ, ಕೊಳೆ ಇರುವಾಗ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ, ಹಾಕಿದ್ದೆಲ್ಲ ಕೊಳೆಗೇ ಖರ್ಚು.
ಕ್ರಮ ಹೀಗಿರಲಿ. ಹಳೆ ಹಾಸು, ಗೊಬ್ಬರ ಪೂರ್ತಿ ಹೊರಗೆ. ಮಣ್ಣಿನ ನೆಲವಾದರೆ ಮೇಲಿನ 3 ಇಂಚು ಕೆತ್ತಿ ತೆಗೆದು ಹೊಸ ಮಣ್ಣು. ಸಿಮೆಂಟಾದರೆ 10 ಲೀಟರ್ ಕುದಿನೀರಿಗೆ 400 ಗ್ರಾಂ ಬಟ್ಟೆ ಸೋಡಾ ಹಾಕಿ ಉಜ್ಜಿ ತೊಳೆದು, ಬರಿ ನೀರು ಹೊಡೆದು ಒಣಗಿಸಿ. ಕೈಗವಸು ಇರಲಿ. ಆಮೇಲೆ ಗೋಡೆಗೆ, ಹಲಗೆಗೆ ಸುಣ್ಣ, ಕಿಲೋಗೆ 5 ಲೀಟರ್ ನೀರು. ಬಳಿದ ಮೇಲೆ ಒಂದು ವಾರ ಕೋಣೆ ಖಾಲಿ. ಹಸಿ ಸುಣ್ಣದ ಮೇಲೆ ಹುಲ್ಲು ಹಾಸಿದರೆ ಕೆಚ್ಚಲ ಚರ್ಮ ಸುಲಿಯುತ್ತದೆ.
ಮರಿಗಳ ರಕ್ತಭೇದಿ ತರುವ ಕಾಕ್ಸಿಡಿಯಾ ಫಿನಾಯಿಲ್‌ಗೆ ಬಗ್ಗುವುದಿಲ್ಲ. ಅದಕ್ಕೆ ಆಗದವು ಬಿಸಿಲು, ಒಣಗು, ಕುದಿನೀರು. ಆರು ಕೋಣೆ ಇದ್ದರೆ ಒಂದು ಸರದಿ ಮುಗಿದ ಮೇಲೆ ಹಾಸು ತೆಗೆದು ಒಣಗಿಸಿಯೇ ಇನ್ನೊಂದನ್ನು ಒಳಗೆ ಬಿಡಿ.
ನಿಮ್ಮ ದಿನಾಂಕಕ್ಕೆ: ಅಕ್ಟೋಬರ್ 10ರೊಳಗೆ ತೊಳೆದಾಗಲಿ. ಕರುಳು ವಿಷಬೇನೆಯ ಇಟಿ ಲಸಿಕೆ ಅಕ್ಟೋಬರ್ 15ರಿಂದ 22ರ ನಡುವೆ, ಅಂದರೆ ಮರಿ ಹಾಕುವುದಕ್ಕೆ 3-4 ವಾರ ಮುಂಚೆ. ಗಿಣ್ಣುಹಾಲಿನಲ್ಲಿ ರೋಗಶಕ್ತಿ ಮರಿಗೆ ಇಳಿಯಲು ಅಷ್ಟು ಸಮಯ ಬೇಕು. ಜಂತು ಮದ್ದು, ಉಣುಗಿನ ಮದ್ದು ಎರಡನ್ನೂ ಈ ಹಂತದಲ್ಲಿ ಡಾಕ್ಟರನ್ನು ಕೇಳಿಯೇ ಹಾಕಿ. ತುಂಬು ಗಬ್ಬದ ಆಡನ್ನು ಕೆಡವಿ ಗೊರಸು ಕತ್ತರಿಸುವ ಕೆಲಸವೂ ಈಗಲೇ ಮುಗಿಯಲಿ, ನವೆಂಬರ್‌ಗೆ ಇಡಬೇಡಿ.

ಯಡಳ್ಳಿ ಕೊಟ್ಟಿಗೆ
ನವೆಂಬರ್ ಬಂತೆಂದರೆ ಅಡಿಕೆಯ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು. ಆಳೂ ಸಿಗುವುದಿಲ್ಲ, ಮನೆಯವರ ಕಣ್ಣೂ ಕೊಟ್ಟಿಗೆ ಕಡೆ ಇರುವುದಿಲ್ಲ. ಅಕ್ಟೋಬರ್ ಕೊನೆಗೆ ಕೋಣೆ ತಯಾರಿರದಿದ್ದರೆ ಆಮೇಲೆ ಆಗುವುದಿಲ್ಲ ಎಂದೇ ತಿಳಿಯಿರಿ.

ಬನವಾಸಿ ಬದಿ
ಬೆಳಕು, ಬಿಸಿಗೆ ಬಲ್ಬ್ ತೂಗುವವರು ಬಹಳ. ಒಣ ಹುಲ್ಲು, ಮೇಲೆ ಕಾದ ಬಲ್ಬ್, ಕೋಡಿರುವ ಆಡು, ಈ ಮೂರೂ ಒಂದೇ ಕೋಣೆಯಲ್ಲಿ. ತೂಗಲೇಬೇಕಾದರೆ ತಂತಿಯ ಗೂಡಿನೊಳಗೆ, ಹಾಸಿನಿಂದ 3 ಅಡಿ ಮೇಲೆ, ವೈರಿನಿಂದಲ್ಲದೆ ಸರಪಳಿಯಿಂದ. ಹೇಗೂ ಕರೆಂಟು ನಂಬುವಂತಿಲ್ಲ. ಅದಕ್ಕಿಂತ ಮರಿಗೂಡು ಮಾಡಿ: 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಹಲಗೆ ಪೆಟ್ಟಿಗೆ. ಒಂದು ಬದಿಗೆ 10 ಇಂಚು ಅಗಲದ ಕಂಡಿ, ಮರಿ ನುಸುಳಬೇಕು, ತಾಯಿ ತಲೆ ಹಾಕಿದರೂ ಮೈ ಹೋಗಬಾರದು. ಮೇಲೆ ಗೋಣಿಚೀಲ. ಎರಡು ಮರಿ ಒತ್ತಿ ಮಲಗಿದರೆ ಬೇರೆ ಬಿಸಿ ಬೇಡ.
ನುಸಿಗೆ ಲಕ್ಕಿ ಸೊಪ್ಪಿನ ಹೊಗೆ ಹಾಕುವುದಾದರೆ ಶೆಡ್ಡಿನ ಹೊರಗೆ, ಗಾಳಿ ಬರುವ ಬದಿಗೆ, ಮುಸ್ಸಂಜೆ ಹೊತ್ತು ಸ್ವಲ್ಪ. ಮರಿ ಇರುವ ಕೋಣೆಯೊಳಗೆ ಬೇಡ.

ಹಳಿಯಾಳ ಮೇಕೆಮನಿ
ಕಾಡಿನ ಅಂಚಿನವರು ಚಿರತೆಗೆ ಹೆದರಿ ಕಬ್ಬಿಣದ ಬಾಗಿಲು ಹಾಕಸ್ತಾರ್ರಿ, ಹೆಬ್ಬಾವು ಮಾತ್ರ ಚರಂಡಿ ತೂತಿನ್ಯಾಗ ಬರತೈತಿ. ಕೆಳಗಿನ ಮೂರು ಅಡಿಗೆ ಒಂದಿಂಚಿನ ವೆಲ್ಡ್ ಜಾಳಿಗಿ, ಚರಂಡಿ ಬಾಯಿಗೂ ಅದೇ. ಕೋಳಿ ಜಾಳಿಗಿ ನಡ್ಯಾಂಗಿಲ್ಲ, ನಾಯಿ ಹಲ್ಲಿಗೇ ಹರೀತೈತಿ.

ಹುಲೇಕಲ್ ತೋಟ
ಎಲ್ಲ ಸೇರಿಸಿ ಲೆಕ್ಕ ಹಾಕಿದ್ದು ಹೀಗೆ, ತಪ್ಪಿದ್ದರೆ ಹೇಳಿ. ಶೆಡ್ಡಿನ ಮೂಡಣ ಬದಿಗೆ 30 × 8 ಅಡಿ ಇಳಿಮಾಡು. ಅದರಲ್ಲಿ 5 × 5ರ ಆರು ಕೋಣೆ ಸಾಲಾಗಿ, ಮುಂದೆ 3 ಅಡಿ ಓಡಾಟದ ದಾರಿ. ಜಗಲಿ ಒಂದೂವರೆ ಅಡಿ, ಚಿರೆಕಲ್ಲು, ಜಲ್ಲಿ, ಮುರ್ರಂ. ಪ್ರತಿ ಕೋಣೆಯ ಮೂಲೆಗೆ 15 ಲೀಟರ್ ಬಕೆಟ್, ನೆಲದ ಮೇಲೆ. ಮೇವಿಗೆ ತೂಗುಬಲೆ.

ಯಡಳ್ಳಿ ಕೊಟ್ಟಿಗೆ
ಬಕೆಟ್ ನೆಲದ ಮೇಲೆ ಬೇಡ, ತಮ್ಮ. ಆಡು ನಿಂತುಕೊಂಡೇ ಮರಿ ಹಾಕಿದರೆ, ಬಾಲದ ಕೆಳಗೆ ಬಕೆಟ್ ಇದ್ದರೆ, ಮರಿ ನೇರ ನೀರಿಗೆ. ಓಡಾಟದ ದಾರಿಯಲ್ಲಿ ಕೊಕ್ಕೆಗೆ ಸಿಕ್ಕಿಸಿ, ನೆಲದಿಂದ 20 ಇಂಚು ಎತ್ತರಕ್ಕೆ. ಬಾಗಿಲ ಪಕ್ಕದ ಕಂಡಿಯಿಂದ ತಲೆ ಹೊರಹಾಕಿ ಕುಡಿಯಲಿ. ಬದಲಿಸಲೂ ಸುಲಭ, ಹಾಸೂ ಒದ್ದೆಯಾಗುವುದಿಲ್ಲ. ತೂಗುಬಲೆಯೂ ಬೇಡ, ಮರಿಯ ಕುತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ದಬ್ಬೆಯದೇ ಮೇವಿನ ಗೋದಲಿ ಹೊರಬದಿಗೆ ಕಟ್ಟಿ.
ಇಳಿಮಾಡಿನ ನೀರು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಓಡಾಟದ ದಾರಿಯ ಮೇಲೆ ಸುರಿದರೆ ಅಕ್ಟೋಬರ್‌ನ ಒಂದು ಗುಡುಗು ಮಳೆಗೆ ಆರೂ ಕೋಣೆಯ ಬಾಗಿಲು ಕೆಸರು. ಸೂರಿಗೆ ನೀರು ಹರಿಯುವ ದೋಣಿ ಹಾಕಿ ತೋಟದ ಕಡೆ ತಿರುಗಿಸಿ.

ಮುಂಡಗೋಡ ಪಶು
ಗೋಡೆಗೆ ಒಂದು ಡಬ್ಬ ಹೊಡೆದಿಡಿ: ಟಾರ್ಚ್, ಕೈಗವಸು, ಟಿಂಚರ್ ಅಯೋಡಿನ್ ತುಂಬಿದ ಸಣ್ಣ ಬಾಟಲಿ, ಹೊಸ ಬ್ಲೇಡು, ಕುದಿಸಿ ಒಣಗಿಸಿದ ದಾರ, ಹಳೆಯ ಹತ್ತಿಬಟ್ಟೆ, ಥರ್ಮಾಮೀಟರ್, ಹಾಲಿನ ಬಾಟಲಿ, ನಿಪ್ಪಲ್. ಹೊಕ್ಕುಳನ್ನು ಅಯೋಡಿನ್‌ನಲ್ಲಿ ಅದ್ದಬೇಕು, ಬರಿ ಸವರಿದರೆ ಒಳಗೆ ಇಳಿಯುವುದಿಲ್ಲ. ಕೀಲು ಬಾತು ಕುಂಟುವ ಮರಿಗಳಲ್ಲಿ ಹೆಚ್ಚಿನವು ಹೊಕ್ಕುಳಿಂದ ಸೋಂಕು ತಗುಲಿದವೇ. ಗಿಣ್ಣುಹಾಲು ಮೊದಲ ಒಂದು ತಾಸಿನೊಳಗೆ ಸಿಗಲಿ. 2 ಕಿಲೋ ಮರಿಗೆ ದಿನಕ್ಕೆ ಕನಿಷ್ಠ 200 ಮಿಲಿಲೀಟರ್, ಮೂರ್ನಾಲ್ಕು ಸಲಕ್ಕೆ.

ಹುಲೇಕಲ್ ತೋಟ
ಮರಿ ಹಾಕಿದ ಮೇಲೆ ಕಸ (ಮಾಸು) ಬೀಳದಿದ್ದರೆ ಎಷ್ಟು ಹೊತ್ತು ಕಾಯಬೇಕು?

ಮುಂಡಗೋಡ ಪಶು
ಸಾಮಾನ್ಯವಾಗಿ ಕೆಲವು ತಾಸಿನಲ್ಲೇ ಬೀಳುತ್ತದೆ. 12 ತಾಸು ದಾಟಿದರೆ ಡಾಕ್ಟರಿಗೆ ಹೇಳಿ, ಅವರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ನೋಡಿ. ಕಲ್ಲು ಕಟ್ಟುವುದು, ಎಳೆಯುವುದು ಬೇಡ, ಗರ್ಭಕೋಶ ಹರಿದು ರಕ್ತ ನಿಲ್ಲುವುದಿಲ್ಲ. ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗಬ್ಬ ಹೋದ ಆಡಿನದಂತೂ ಖಂಡಿತ ಬೇಡ, ಅದರಿಂದ ಮನುಷ್ಯರಿಗೂ ಜ್ವರ ಹತ್ತುತ್ತದೆ. ಬಸುರಿ ಹೆಂಗಸರು ಆ ಕೆಲಸಕ್ಕೆ ಹೋಗುವುದೇ ಬೇಡ. ಮೂರು ಅಡಿ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಕಲ್ಲು. ಗುಂಡಿ ತೋಡುವುದೂ ಅಕ್ಟೋಬರ್ ಕೆಲಸಕ್ಕೇ ಸೇರಲಿ. ಶೆಡ್ಡಿನಿಂದ ದೂರ ಇರಲಿ, ಬಾವಿಯ ಬದಿಗಂತೂ ಬೇಡ.